ಕೀಲಿ ತಗದ್ರ ಕರೆಂಟೂ ಬಂದ್ ಆಗಬೇಕು

ಓದುಗರ ಗಾಡಿ ಪ್ರಶ್ನೆಗಳಿಗೆ ಹುಬ್ಬಳ್ಳಿ ಗೋಕುಲ ರಸ್ತೆಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಉತ್ತರ

ಪ್ರಶ್ನೆ: ನಾನು ಔಷಧ ಕಂಪನಿಯ ಪ್ರತಿನಿಧಿ. ಮುಂಡರಗಿ, ರೋಣ, ಲಕ್ಷ್ಮೇಶ್ವರ ಅಂತ ದಿನವಿಡೀ ಬೈಕ್ ಮೇಲೆಯೇ ಇರುತ್ತೇನೆ. ಮಧ್ಯಾಹ್ನಕ್ಕೆಲ್ಲ ಮೊಬೈಲ್ ಖಾಲಿ. ಅದಕ್ಕೇ ನನ್ನ 125 ಸಿಸಿ ಗಾಡಿಯ ಹ್ಯಾಂಡಲ್‌ಗೆ ಯುಎಸ್‌ಬಿ ಚಾರ್ಜರ್ ಹಾಕಿಸಿದೆ. ವೋಲ್ಟ್ ತೋರಿಸುವ ಕೆಂಪು ಅಂಕಿ ಅದರಲ್ಲಿ ಸದಾ ಉರಿಯುತ್ತಿರುತ್ತದೆ. ಈಗೀಗ ಸೋಮವಾರ ಬೆಳಿಗ್ಗೆ ಸೆಲ್ಫ್ ಎತ್ತುತ್ತಿಲ್ಲ. ಬ್ಯಾಟರಿ ಬದಲಿಸಬೇಕೆ? ಕಾರಿನಲ್ಲಿರುವಂಥ 12 ವೋಲ್ಟ್ ಸಾಕೆಟ್ ಹಾಕಿಸಿ ಗಾಳಿ ಪಂಪನ್ನೂ ಅದಕ್ಕೇ ಹಚ್ಚಬಹುದೆ?
– ಒಬ್ಬ ಓದುಗರು, ಗದಗ

ಉತ್ತರ: ಬ್ಯಾಟ್ರಿಗೆ ರೊಕ್ಕ ಹಾಕೂಕಿಂತ ಮೊದಲ ಆ ಕೆಂಪು ಅಂಕಿ ಕಡೆ ನೋಡ್ರಿ ಸಾಹೇಬ್ರ. ಕೀಲಿ ತಗೊಂಡು ನೀವು ಮನಿಯೊಳಗ ಹೋದಮ್ಯಾಲೂ ಅದು ಉರೀತೈತಿ ಅಂದ್ರ, ವಾಯರ್ ಸೀದಾ ಬ್ಯಾಟ್ರಿಗೆ ಕಟ್ಟ್ಯಾರ ಅಂತ ಅರ್ಥ. ಹಾಕಾವಗ ಅದು ಹತ್ತು ಮಿನಿಟಿನ ಕೆಲಸ, ಅನುಭವಿಸೂದು ನೀವು.

ಲೆಕ್ಕ ಹಾಕೂಣು ಬರ್ರಿ. ಮೊಬೈಲ್ ಹಚ್ಚದಿದ್ರೂ ಅಂಕಿ ಉರಸಾಕಂತ ಚಾರ್ಜರ್ 20 ಮಿಲಿ ಆಂಪಿಯರ್ ಎಳೀತೈತಿ ಅಂತ ಇಟಗೊಳ್ರಿ. ಶನಿವಾರ ಸಂಜಿ ಆರಕ್ಕ ನಿಲ್ಲಿಸಿದ ಗಾಡಿ ಸೋಮವಾರ ಮುಂಜಾನೆ ಆರಕ್ಕ ತಗದ್ರ 36 ತಾಸು, ಅಂದ್ರ 0.72 ಆಂಪಿಯರ್ ಅವರ್. ನಿಮ್ಮಂಥ ಗಾಡಿ ಬ್ಯಾಟ್ರಿ ಇರೂದ 4 ಆಂಪಿಯರ್ ಅವರ್ ಆಸುಪಾಸು. ಹೊಸಾದಿದ್ರ ತಡಕೊಂತೈತಿ. ಎರಡು-ಮೂರು ವರ್ಷ ದುಡದು ಅರ್ಧ ದಮ್ಮು ಉಳದ ಬ್ಯಾಟ್ರಿಗೆ ಇದು ಭಾರೀನ. ನಿಮ್ಮ ಬ್ಯಾಟ್ರಿ ಕೆಟ್ಟಿರಬಹುದು, ಇಲ್ಲ ಅನ್ನೂದಿಲ್ಲ, ಆದ್ರ ಹೊಸಾದು ಹಾಕಿ ವಾಯರ್ ಹಂಗ ಬಿಟ್ಟ್ರ ಅದೂ ಇದೇ ದಾರಿ ಹಿಡೀತೈತಿ.

ಖಾತ್ರಿ ಬೇಕಂದ್ರ ಮಲ್ಟಿಮೀಟರ್ ಇರೋರ ಕಡೆ ಹೋಗ್ರಿ. ಕೀಲಿ ಬಂದ್ ಮಾಡಿ, ಬ್ಯಾಟ್ರಿ ಮೈನಸ್ ಬಿಚ್ಚಿ, ಮೀಟರ್ 10 ಆಂಪಿಯರ್‌ಗೆ ಇಟ್ಟು, ಬಿಚ್ಚಿದ ವಾಯರಿಗೂ ಬ್ಯಾಟ್ರಿ ಮೈನಸ್ಸಿಗೂ ನಡುವ ಹಿಡೀಬೇಕು. ಗಾಡಿ ನಿಂತಲ್ಲೇ ಎಷ್ಟು ಕರೆಂಟ್ ಕುಡೀತೈತಿ ಅಂತ ಅಲ್ಲೇ ಕಾಣತೈತಿ. ಆಮ್ಯಾಲ ಚಾರ್ಜರಿನ ಪ್ಲಸ್ ಬಿಚ್ಚ್ರಿ, ಅಂಕಿ ಎಷ್ಟು ಇಳೀತೈತೋ ಅಷ್ಟು ಅದರ ಪಾಲು. ಮೀಟರ್ ಹಂಗ ಹಿಡದಿದ್ದಾಗ ಮರತು ಸೆಲ್ಫ್ ಒತ್ತಬ್ಯಾಡ್ರಿ, ಮೀಟರಿನ ಫ್ಯೂಸ್ ಹಾರತೈತಿ. ಮೀಟರ್ ಕೈಯಾಗ ಇದ್ದಾಗ ವೋಲ್ಟೂ ನೋಡಿಬಿಡ್ರಿ. ಪೂರ್ತಿ ಚಾರ್ಜ್ ಆದ ಬ್ಯಾಟ್ರಿ ಸುಮ್ನ ಕುಂತಾಗ 12.6ರ ಆಸುಪಾಸು, ಗಾಡಿ ಚಾಲೂ ಇದ್ದಾಗ 13.5ರಿಂದ 14.5. ಹದಿನೈದು ದಾಟಿದ್ರ ಆರ್‌ಆರ್ ಯೂನಿಟ್, ಅಂದ್ರ ಬ್ಯಾಟ್ರಿಗೆ ಹೋಗೂ ವೋಲ್ಟ್ ಹದ್ದಿನ್ಯಾಗ ಇಡೂ ಡಬ್ಬಿ, ಹೋಗೇತಿ. ಅದನ್ನ ಬದಲಿ ಮಾಡೂತನಕ ಮೊಬೈಲ್ ಹಚ್ಚಲೇಬ್ಯಾಡ್ರಿ.

ಇದಕ್ಕ ರಿಲೇ ಹಾಕೂದ ಸರಿ, ಅಂದ್ರ ಕೀಲಿ ಆನ್ ಮಾಡಿದ್ರ ತಾನ ಚಾಲೂ, ತಗದ್ರ ತಾನ ಬಂದ್ ಆಗೂ ಸ್ವಿಚ್. ನಾಲ್ಕು ಕಾಲಿನ ರಿಲೇ ತಗೋರಿ, ಕಾಲಿನ ಬುಡಕ್ಕ 30, 85, 86, 87 ಅಂತ ಬರದಿರತೈತಿ. ಬ್ಯಾಟ್ರಿ ಪ್ಲಸ್‌ನಿಂದ ಫ್ಯೂಸ್, ಫ್ಯೂಸಿನಿಂದ 30. 87ರಿಂದ ಚಾರ್ಜರಿನ ಪ್ಲಸ್. 85 ಮೈನಸ್ಸಿಗೆ. 86ಕ್ಕ ಮಾತ್ರ ಕೀಲಿ ಆನ್ ಮಾಡಿದಾಗಷ್ಟ ಕರೆಂಟ್ ಬರೋ ವಾಯರ್ ಬೇಕು. ನಾನು ಅದನ್ನ ಹಿಂದಿನ ಬ್ರೇಕಿನ ಸ್ವಿಚ್ಚಿನ್ಯಾಗ ಹುಡುಕತೀನಿ. ಅಲ್ಲಿ ಎರಡು ವಾಯರ್ ಇರತಾವು. ಕೀಲಿ ಆನ್ ಮಾಡ್ರಿ, ಬ್ರೇಕ್ ತುಳೀಬ್ಯಾಡ್ರಿ, ಟೆಸ್ಟ್ ಲ್ಯಾಂಪ್ ಚುಚ್ಚಿ ನೋಡ್ರಿ. ದೀಪ ಹತ್ತಿದ್ದ ವಾಯರ್ ನಿಮ್ದು. ಇನ್ನೊಂದು ಬ್ರೇಕ್ ತುಳದಾಗಷ್ಟ ಹತ್ತೂವಂಥಾದ್ದು. ನವನಗರದ ಗಿರಾಕಿ ಒಬ್ಬರು ಬಂದಿದ್ರು, ಸಿಗ್ನಲ್ ಬಂದಲ್ಲಿ ಮಾತ್ರ ಮೊಬೈಲ್ ಚಾರ್ಜ್ ಆಗತೈತ್ರೀ ಅಂತ. ಯಾರೋ ಆ ಎರಡನೇ ವಾಯರಿಗೆ ಗಂಟು ಹಾಕಿದ್ರು!

ಬಣ್ಣ ನಂಬಬ್ಯಾಡ್ರಿ. ಹೀರೋ, ಹೋಂಡಾದಾಗ ಹಸರು ವಾಯರ್ ಅರ್ಥಿಂಗ್, ಬಜಾಜಿನ್ಯಾಗ ಹಳದಿ ಗೆರಿ ಇರೋ ಕರೆ ವಾಯರ್. ಒಂದರ ರೂಢಿ ಇನ್ನೊಂದರ ಮ್ಯಾಲ ತೋರಿಸಿದ್ರ ಹೊಗಿ ಬರತೈತಿ.

ಫ್ಯೂಸಿನ ವಿಷಯಕ್ಕ ನಾನು ಯಾರ ಜೋಡೀನೂ ಚೌಕಾಸಿ ಮಾಡೂದಿಲ್ಲ. ಯುಎಸ್‌ಬಿಗೆ 5 ಆಂಪಿಯರ್ ಫ್ಯೂಸ್, ಅದೂ ಬ್ಯಾಟ್ರಿ ಪ್ಲಸ್‌ನಿಂದ ಒಂದು ಗೇಣಿನೊಳಗ. ಭಾಳ ಮಂದಿ ಫ್ಯೂಸ್ ಇರೂದು ಮೊಬೈಲ್ ಕಾಯಾಕ ಅಂತ ತಿಳಕೊಂಡು ಹ್ಯಾಂಡಲ್ ಕಡೆ ಹಾಕಸ್ತಾರ. ಅದು ಕಾಯೂದು ವಾಯರನ್ನ. ಬ್ಯಾಟ್ರಿಯಿಂದ ಹ್ಯಾಂಡಲ್‌ತನಕ ಆ ವಾಯರ್ ಹೋಗೂದು ಪೆಟ್ರೋಲ್ ಟಾಕಿ ಕೆಳಗ. ನಡುವ ಸಿಪ್ಪಿ ಹರದು ಚಾಸಿಗೆ ತಾಗಿದ್ರ, ಮುಂದ ಕುಂತ ಫ್ಯೂಸಿಗೆ ಸುದ್ದೀನ ಹತ್ತೂದಿಲ್ಲ. ಹರಿಯೂ ಜಾಗಾನೂ ಹೇಳಿಬಿಡತೀನಿ: ಕೋನ್ ಸೆಟ್ (ಹ್ಯಾಂಡಲ್ ತಿರುಗೂ ಬುಡದ ಬೇರಿಂಗ್) ಪಕ್ಕ, ಹ್ಯಾಂಡಲ್ ಪೂರ್ತಿ ಎಡಕ್ಕ ಹೊಳ್ಳಿದಾಗ ವಾಯರ್ ಜಗ್ಗೂ ಜಾಗ. ಅಲ್ಲಿ ನಾಲ್ಕು ಬಟ್ಟು ಸಡ್ಲ ಬಿಟ್ಟು, ಸ್ಲೀವ್ ಹಾಕಿ, ಹ್ಯಾಂಡಲ್ ಎರಡೂ ಕಡೆ ಕೊನೀತನಕ ತಿರುಗಿಸಿ ನೋಡೇ ಟಾಕಿ ಕೂಡಸಬೇಕು. ಬಿಚ್ಚೂ ಮುಂದ ಬ್ಯಾಟ್ರಿ ಮೈನಸ್ ಮೊದಲು, ಕಟ್ಟೂ ಮುಂದ ಮೈನಸ್ ಕಡೀಕ.

ಇನ್ನ ನಿಮ್ಮ 12 ವೋಲ್ಟ್ ಸಾಕೆಟ್. ಕಾರಿನಾಗ ಸಿಗರೇಟ್ ಹಚ್ಚಾಕ ಮಾಡಿದ್ದ ತೂತು ಅದು. ಒಳಗ ನಡುವ ಒಂದು ಸ್ಪ್ರಿಂಗ್ ಪಿನ್, ಬಗಲಿಗೆ ಎರಡು ತಗಡು, ಅಷ್ಟರ ಮ್ಯಾಲ ಪ್ಲಗ್ ನಿಂತಿರತೈತಿ. ಗದಗ-ಮುಂಡರಗಿ ನಡುವ ನಾಲ್ಕು ಕುಣಿ ಹಾರಿದ್ರ ಪ್ಲಗ್ ಸಡ್ಲ, ಚಾರ್ಜ್ ಬಂದ್ ಚಾಲೂ ಬಂದ್ ಚಾಲೂ. ಬರೀ ಮೊಬೈಲಿಗಾದ್ರ ಯುಎಸ್‌ಬಿನ ಸಾಕು. 18 ವ್ಯಾಟಿನ ಫಾಸ್ಟ್ ಚಾರ್ಜರ್ ಸೈತ ಬ್ಯಾಟ್ರಿ ಕಡೆಯಿಂದ ಎರಡು ಆಂಪಿಯರ್ ಒಳಗ ಎಳೀತೈತಿ. ಗಾಳಿ ಪಂಪಿನ ಮಾತ ಬ್ಯಾರೆ. ಅವು ಎಂಟು-ಹತ್ತು ಆಂಪಿಯರ್ ಎಳಿಯೂವಂಥಾವು, 5 ಆಂಪಿಯರ್ ಫ್ಯೂಸ್ ತಟ್ಟನ ಹಾರತೈತಿ. ಫ್ಯೂಸ್ ದೊಡ್ಡದು ಹಾಕ್ರಿ ಅಂತ ಯಾರರ ಅಂದ್ರ ಆ ಅಂಗಡಿಯಿಂದ ಹೊರಗ ಬರ್ರಿ. ಪಂಪಿಗೆ ಬ್ಯಾಟ್ರಿಗೆ ನೇರ ಹಚ್ಚೂ ಕ್ಲಿಪ್ ಬರತಾವು. ಗಾಡಿ ಚಾಲೂ ಇಟ್ಟು ಗಾಳಿ ತುಂಬಿಸಿಕೊಂಡು ಕ್ಲಿಪ್ ಬಿಚ್ಚಿಬಿಡ್ರಿ.

ಪ್ರಶ್ನೆ: ಅಪ್ಪನ ಹಳೆಯ ಕಿಕ್ ಗಾಡಿ ಈಗ ನನಗೆ ಬಂದಿದೆ. ಬ್ಯಾಟರಿ ಸಣ್ಣದು. ಹೆಡ್‌ಲೈಟ್ ವಾಯರಿನಿಂದಲೇ ಚಾರ್ಜರ್‌ಗೆ ಕರೆಂಟ್ ತೆಗೆದರೆ ಬ್ಯಾಟರಿ ಉಳಿಯುತ್ತದಲ್ಲವೇ?
– ವಿದ್ಯಾರ್ಥಿ, ಧಾರವಾಡ

ಉತ್ತರ: ತಮ್ಮಾ, ಬ್ಯಾಟ್ರಿ ಉಳೀತೈತಿ, ಚಾರ್ಜರ್ ಉಳಿಯೂದಿಲ್ಲ. ಎಂಜಿನ್ ಬಂದ್ ಇದ್ದಾಗ ಹೆಡ್‌ಲೈಟ್ ಹತ್ತೂದಿಲ್ಲ, ರೇಸ್ ಕೊಟ್ಟಂಗ ಪ್ರಕಾಶ ಏರತೈತಿ ಅಂದ್ರ ಅದು ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸೂ ಮ್ಯಾಗ್ನೆಟ್ಟಿನಿಂದ ಸೀದಾ ಬರೋ ಎಸಿ. ಚಾರ್ಜರಿಗೆ ಬೇಕಾದ್ದು ಡಿಸಿ. ಈ ಪರೀಕ್ಷಾ ಹಳೇ ಗಾಡಿಗಷ್ಟ. 2017ರ ಏಪ್ರಿಲ್‌ನಿಂದ ಈಚೆಯ ಗಾಡಿಗೋಳ ಹೆಡ್‌ಲೈಟ್ ಎಂಜಿನ್ ಚಾಲೂ ಆದ ಮ್ಯಾಲ ತಾನ ಹತ್ತೂವಂಥಾವು, ಅವಕ್ಕ ಇದನ್ನ ಹಚ್ಚಿ ನೋಡಬ್ಯಾಡ. ಕಾಲೇಜಿಗೆ ಹೋಗಿ ಬರಾಕ ಒಂದು ಪವರ್ ಬ್ಯಾಂಕ್ ಸಾಕಪ. ಅಪ್ಪಾರ ಗಾಡಿ ವಾಯರಿಂಗ್ ಕಡೀಬ್ಯಾಡ.

ಪ್ರಶ್ನೆ: ಸ್ಕೂಟರ್ ಡಿಕ್ಕಿಯೊಳಗಿನ ಸಾಕೆಟ್ಟಿಗೆ ಮೊಬೈಲ್ ಹಚ್ಚಿ ಶಾಲೆಗೆ ಹೋದರೆ ಅರ್ಧದಲ್ಲೇ ಚಾರ್ಜ್ ನಿಲ್ಲುತ್ತದೆ. ಸಾಕೆಟ್ ಕೆಟ್ಟಿದೆಯೇ?
– ಶಿಕ್ಷಕಿ, ಬ್ಯಾಡಗಿ

ಉತ್ತರ: ಅಕ್ಕಾರ, ಮುಂಜಾನೆ ತಂಪಿನಾಗ ಒಮ್ಮೆ ಹಚ್ಚಿ ನೋಡ್ರಿ. ಆಗ ಬರೋಬ್ಬರಿ ಚಾರ್ಜ್ ಆದ್ರ ಸಾಕೆಟ್ ನೆಟ್ಟಗ ಐತಿ. ಕೆಳಗ ಎಂಜಿನ್ ಕಾವು, ಮ್ಯಾಲ ಬಿಸಲು, ನಡುವ ಮುಚ್ಚಿದ ಡಿಕ್ಕಿ; ಮೊಬೈಲ್ ಕಾದು ತಾನ ಚಾರ್ಜ್ ನಿಲ್ಲಸತೈತಿ. ಮುಂದಿನ ಪಾಕೀಟಿನ್ಯಾಗ ಇಡ್ರಿ.

ಪ್ರಶ್ನೆ: 350 ಸಿಸಿ ಹೊಸ ಗಾಡಿ, ಇನ್ನೂ ವಾರಂಟಿ ಇದೆ. ದಾಂಡೇಲಿ ಕಡೆ ಹೋಗಲು ಹ್ಯಾಂಡಲ್ ಮೇಲೆ ಮೊಬೈಲ್ ಹೋಲ್ಡರ್, ಚಾರ್ಜರ್ ಎರಡೂ ಬೇಕು.
– ಒಬ್ಬ ಓದುಗರು, ಹಾವೇರಿ

ಉತ್ತರ: ವಾರಂಟಿ ಇರೂತನಕ ಕಂಪನಿ ವಾಯರಿಂಗಿಗೆ ಬ್ಲೇಡ್ ತಾಗಸಬ್ಯಾಡ್ರಿ. ಶೋರೂಮಿನ್ಯಾಗ ಕಂಪನೀದ ಚಾರ್ಜರ್ ಹಾಕಿಸಿ, ಬಿಲ್ ಇಟಗೋರಿ. ಹೋಲ್ಡರಿಗೆ ಗುದ್ದು ತಡಿಯೂ ರಬ್ಬರ್ ಇರೂದ ತಗೋರಿ. ದೊಡ್ಡ ಮೋಟರ್‌ಸೈಕಲ್ಲಿನ ನಡುಕಕ್ಕ ಐಫೋನಿನ ಕ್ಯಾಮೆರಾ ಕೆಡಬಹುದು ಅಂತ ಆಪಲ್‌ನವ್ರ 2021ರ ಸೆಪ್ಟೆಂಬರ್‌ನ್ಯಾಗ ಹೇಳ್ಯಾರ. ಮಳಿಗಾಲಕ್ಕ ಹೊಂಟಿದ್ರ ಚಾರ್ಜರಿನ ಬಾಯಿ ನೆಲದ ಕಡೆ ಇರೂವಂಗ ಕೂಡಸಾಕ ಹೇಳ್ರಿ, ರಬ್ಬರ್ ಮುಚ್ಚಳ ಒಂದ ನಂಬಿದ್ರ ನೀರು ಒಳಗ ಹೋಗತೈತಿ.