ದಸರಾವರೆಗೆ ಮಕ್ಕಳನ್ನು ಬಿಟ್ಟು ಬರಬೇಡ

ತಂಗಿ,

ನಾನು ಅಮೆರಿಕದಲ್ಲಿದ್ದೇನೆಂದು ಎಣಿಸಿ ನೀನು ಬರೆದಿದ್ದೀಯ. ನಾನಿರುವುದು ನಿನ್ನ ಕೊಪ್ಪಳದಿಂದ ಎರಡು ತಾಸಿನ ದಾರಿಯಲ್ಲಿ, ಬಳ್ಳಾರಿಯ ಕೌಲ್ ಬಜಾರಿನ ತವರುಮನೆಯಲ್ಲಿ. ಬರುವ ಸೋಮವಾರ ಹೊರಡುತ್ತೇವೆ. ನಡುಮನೆಯಲ್ಲಿ ಆರು ಸೂಟ್‌ಕೇಸುಗಳು ಬಾಯಿ ತೆರೆದುಕೊಂಡು ಬಿದ್ದಿವೆ, ಅವ್ವ ಅವುಗಳ ನಡುವೆ ದಾರಿ ಮಾಡಿಕೊಂಡು ಓಡಾಡುತ್ತ ನನಗೆ ಕಾಣದಂತೆ ಒಂದೊಂದು ಪೊಟ್ಟಣ ತುರುಕುತ್ತಿದ್ದಾಳೆ. ನೀನು "ಅಕ್ಕ" ಎಂದು ಬರೆದದ್ದರಿಂದ ನಾನು ಏಕವಚನದಲ್ಲೇ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ.

ನಿನ್ನ ಯಜಮಾನರು ಮಾರ್ಚ್‌ನಲ್ಲೇ ಅಮೆರಿಕದ ಅರಿಜೋನಾ ರಾಜ್ಯದ ಚಾಂಡ್ಲರ್‌ಗೆ, ನಾವಿರುವ ಊರಿಗೇ, ಹೋಗಿ ಕೆಲಸಕ್ಕೆ ಸೇರಿದ್ದಾರೆ, ನಿಮ್ಮ ಮೂವರಿಗೂ ವೀಸಾ ಬಂದಿದೆ. ಮಗಳು ಐದನೆಯ ತರಗತಿ, ಮಗ ಒಂದನೆಯದು. ಇಲ್ಲಿ ಫೀಸು ಕಟ್ಟಿ, ಪುಸ್ತಕ ಕೊಂಡಾಗಿದೆ. ಅಲ್ಲಿ ಜುಲೈನಲ್ಲೇ ಶಾಲೆ ಶುರುವಾಗುವುದು ನಿಜವೇ ಎಂದು ಕೇಳಿದ್ದೀಯ. "ಮಕ್ಕಳು ದಸರಾವರೆಗೆ ನನ್ನ ಹತ್ತಿರ ಇರಲಿ, ನೀನು ಮೊದಲು ಹೋಗಿ ಸಂಸಾರ ಹೂಡು" ಎನ್ನುತ್ತಾರಂತೆ ನಿಮ್ಮ ಅತ್ತೆ. ಅವರ ಮಾತಿನಲ್ಲಿ ಪ್ರೀತಿಯಿದೆ, ಲೆಕ್ಕವೂ ಇದೆ. ಆದರೂ ಆ ಮಾತು ಕೇಳಬೇಡ. ಮಕ್ಕಳನ್ನು ಕರೆದುಕೊಂಡೇ ಬಾ, ಶಾಲೆಯ ಮೊದಲ ದಿನಕ್ಕೆ ಮುಂಚೆ ಬಾ.

ಜುಲೈ ಎನ್ನುವುದು ನಿಜ. ಅಮೆರಿಕದ ಎಷ್ಟೋ ಕಡೆ ಸೆಪ್ಟೆಂಬರ್‌ವರೆಗೆ ಶಾಲೆಯಿರುವುದಿಲ್ಲ. ಅರಿಜೋನಾದಲ್ಲಿ ನಮ್ಮ ಚಾಂಡ್ಲರ್ ಸುತ್ತಮುತ್ತ ಮಾತ್ರ ಜುಲೈ ಮೂರನೆಯ ವಾರಕ್ಕೇ ಗಂಟೆ ಬಾರಿಸುತ್ತದೆ. ಮೇ ಕೊನೆಗೆ ರಜೆ ಬಿಟ್ಟರೆ ಕೈಗೆ ಸಿಗುವುದು ಏಳೆಂಟು ವಾರ. ಅದಕ್ಕೆ ಬದಲಾಗಿ ಅಕ್ಟೋಬರ್ ಹೊತ್ತಿಗೆ ಎರಡು ವಾರ, ಡಿಸೆಂಬರ್ ಕೊನೆಗೆ ಎರಡು ವಾರ, ಮಾರ್ಚ್‌ನಲ್ಲಿ ಎರಡು ವಾರ ರಜೆ ಕೊಡುತ್ತಾರೆ. ಬೇಸಿಗೆಯನ್ನು ಒಡೆದು ವರ್ಷದ ತುಂಬ ಹಂಚಿದ್ದಾರೆ.

ಇದರ ತೊಡಕು ನಿನಗೆ ಮುಂದಿನ ವರ್ಷ ತಿಳಿಯುತ್ತದೆ. ನಮ್ಮ ಕರ್ನಾಟಕದ ಮಕ್ಕಳಿಗೆ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ರಜೆ. ನಮ್ಮ ಮಕ್ಕಳು ಬಂದಿಳಿಯುವುದು ಇಲ್ಲಿ ಶಾಲೆ ತೆರೆದ ಮೇಲೆ. ಈ ಸಲ ನಾವು ಬಂದ ದಿನ ಸಂಜೆ ನನ್ನ ಅಣ್ಣ ನಡುಮನೆಯಲ್ಲಿ ಕುಳಿತು ಅವನ ಮಕ್ಕಳ ನೋಟ್‌ಬುಕ್ಕುಗಳಿಗೆ ಖಾಕಿ ಹಾಳೆಯ ಹೊದಿಕೆ ಹಾಕುತ್ತಿದ್ದ. ನನ್ನ ಮಗಳು, ಎಂಟು ವರ್ಷದವಳು, ಪ್ರಯಾಣದ ನಿದ್ದೆಗಣ್ಣಿನಲ್ಲೇ ಅವನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಲೇಬಲ್ ಅಂಟಿಸಿದಳು. ಪ್ರತಿಯೊಂದು ಲೇಬಲನ್ನೂ ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಕೂರಿಸಿದಳು. ಎಲ್ಲ ಮುಗಿದ ಮೇಲೆ "ನನ್ನದು ಎಲ್ಲಿ?" ಎಂದಳು. ಅಣ್ಣ ಒಂದು ಹಳೆಯ ಡೈರಿಗೆ ಹೊದಿಕೆ ಹಾಕಿ ಅವಳ ಹೆಸರು ಬರೆದುಕೊಟ್ಟ. ಮರುದಿನದಿಂದ ಅವಳ ರಜೆಯೆಂದರೆ, ಅಣ್ಣನ ಮಕ್ಕಳು ಸಂಜೆ ಬರುವವರೆಗೆ ಹೊರಗಿನ ಕಟ್ಟೆಯ ಮೇಲೆ ಕಾಯುವುದು.

ಆದರೆ ಕಾರ ಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ ಎರಡೂ ಸಿಗುತ್ತವೆ, ಅದೊಂದು ಪುಣ್ಯ. ಪಂಚಮಿ ಸಿಗುವುದಿಲ್ಲ. ಇಲ್ಲಿ ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿ ಕಟ್ಟುವ ಹೊತ್ತಿಗೆ ನಾವು ಅಲ್ಲಿ ಟಿಫಿನ್ ಡಬ್ಬಿ ಕಟ್ಟುತ್ತಿರುತ್ತೇವೆ. ಉಂಡಿಯನ್ನೇನೋ ಅಲ್ಲೂ ಕಟ್ಟುತ್ತೇನೆ. ಶೇಂಗಾ ಉಂಡಿಯನ್ನು ಮಾತ್ರ ಶಾಲೆಗೆ ಕಳಿಸಬೇಡ ಎಂದು ಈಗಲೇ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಮಗಳು ಡಬ್ಬಿಯ ತುಂಬ ಒಯ್ದು ಗೆಳತಿಯರಿಗೆ ಹಂಚಲು ಹೊರಟಿದ್ದಳು. ಹನ್ನೊಂದೂವರೆಗೆ ಶಾಲೆಯ ನರ್ಸ್ ಫೋನ್ ಮಾಡಿದರು. ಅಲ್ಲಿ ಕೆಲವು ಮಕ್ಕಳಿಗೆ ಶೇಂಗಾ ಎಂದರೆ ಪ್ರಾಣಕ್ಕೆ ಬರುವಂಥ ಅಲರ್ಜಿ. ಯಾರೂ ತಿಂದಿರಲಿಲ್ಲ, ದೇವರು ದೊಡ್ಡವನು. ನಮ್ಮ ಕಡೆ ಶೇಂಗಾ ಇಲ್ಲದ ಅಡುಗೆ ಯಾವುದಿದೆ ಹೇಳು! ಡಬ್ಬಿಗೆ ಗುರೆಳ್ಳಿನ ಪುಡಿ ಹಾಕಿ ಕಳಿಸಬಹುದೇ ಎಂದು ಕೂಡ ಶಾಲೆಯನ್ನು ಒಮ್ಮೆ ಕೇಳಿಯೇ ಕಳಿಸು.

ಈಗ ಮಕ್ಕಳನ್ನು ಬಿಟ್ಟು ಬರುವ ಮಾತಿಗೆ ಬರುತ್ತೇನೆ. ನಾನು ಅದನ್ನು ಮಾಡಿ ನೋಡಿದವಳು. ಹತ್ತು ವರ್ಷದ ಹಿಂದೆ ದೊಡ್ಡ ಮಗನಿಗೆ ಆರು ತುಂಬಿತ್ತು. ನಮ್ಮ ಅತ್ತೆಯೂ ಇದೇ ಮಾತು ಹೇಳಿದ್ದರು, ನಾನೂ ಹೂಂ ಎಂದೆ. ಜುಲೈನಲ್ಲಿ ನಾನು ಹೋದೆ, ಅಕ್ಟೋಬರ್‌ನಲ್ಲಿ ಅವನು ನನ್ನ ಮೈದುನನ ಜೊತೆ ಬಂದ. ಬಂದದ್ದೇ ಎರಡು ವಾರದ ರಜೆ ಶುರುವಾದ ದಿನ. ಮನೆಯಲ್ಲಿ ಹದಿನೈದು ದಿನ ನಾಲ್ಕು ಗೋಡೆ ನೋಡಿ, ಆಮೇಲೆ ಎರಡೂವರೆ ತಿಂಗಳು ಹಳೆಯದಾದ ತರಗತಿಗೆ ಹೋದ. ಅಲ್ಲಿ ಮಕ್ಕಳ ಚೀಲ ಇಡಲು ಗೋಡೆಗೆ ಸಾಲಾಗಿ ಸಣ್ಣ ಗೂಡುಗಳಿರುತ್ತವೆ. ಪ್ರತಿ ಗೂಡಿನ ಮೇಲೆ ಸಗ್ವಾರೋ ಕಳ್ಳಿಯ ಹಸಿರು ಚಿತ್ರ, ಅದರ ಹೊಟ್ಟೆಯಲ್ಲಿ ಮಗುವಿನ ಹೆಸರು, ಅಚ್ಚು ಹಾಕಿಸಿದ್ದು. ಕೊನೆಯ ಗೂಡಿಗೆ ಬಿಳಿ ಅಂಟುಪಟ್ಟಿಯ ತುಂಡು ಹಚ್ಚಿ ಪೆನ್ನಿನಲ್ಲಿ ನನ್ನ ಮಗನ ಹೆಸರು ಬರೆದಿದ್ದರು. ಶಿಕ್ಷಕಿ ಒಳ್ಳೆಯವರು, ಬೇಕೆಂದು ಮಾಡಿದ್ದಲ್ಲ. ಆಗಸ್ಟ್‌ನಲ್ಲೇ ಹಾಳೆಗಳು ಮುಗಿದಿದ್ದವು, ಅಷ್ಟೇ. ಆ ಪಟ್ಟಿಯ ಒಂದು ಮೂಲೆ ಎದ್ದಿತ್ತು. ಮಾರ್ಚ್‌ನಲ್ಲಿ ಹೋಗಿ ನೋಡಿದಾಗಲೂ ಅದೇ ಪಟ್ಟಿ ಇತ್ತು, ಮೂಲೆ ಇನ್ನಷ್ಟು ಸುರುಳಿ ಸುತ್ತಿತ್ತು. ಮಗ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಈಗ ಹದಿನಾರು ವರ್ಷದ ಗಡವ, ಮಾಳಿಗೆಯ ಮೇಲೆ ಮೊಬೈಲ್ ಹಿಡಿದು ಮಲಗಿದ್ದಾನೆ. ಮೊನ್ನೆ ನಿನ್ನ ಪ್ರಶ್ನೆ ಓದಿ ಹೇಳಿದಾಗ ತಲೆ ಎತ್ತದೆ "ಟೇಪ್ ಹಚ್ಚುತ್ತಾರೆ ಎಂದು ಹೇಳು" ಎಂದ.

ಜುಲೈನಲ್ಲಿ ಬಂದರೆ ಎಲ್ಲ ಮಕ್ಕಳೂ ಹೊಸಬರೇ. ಮೊದಲ ದಿನಕ್ಕೆ ಮುಂಚೆ ಒಂದು ಸಂಜೆ ಶಿಕ್ಷಕರನ್ನು ಕಾಣಲು ಕರೆಯುತ್ತಾರೆ, ಮಕ್ಕಳು ತಮ್ಮ ಮೇಜು ನೋಡಿಕೊಂಡು ಬರುತ್ತಾರೆ. ಪೆನ್ಸಿಲ್, ಬಣ್ಣ, ಗೋಂದಿನ ಜೊತೆಗೆ ಮೂಗೊರೆಸುವ ಕಾಗದದ ಡಬ್ಬಿಯನ್ನೂ ಪಟ್ಟಿಯಲ್ಲಿ ಬರೆದಿರುತ್ತಾರೆ, ನಗಬೇಡ, ಅದು ಇಡೀ ತರಗತಿಗೆ. ಸರ್ಕಾರಿ ಶಾಲೆಗೆ ಫೀಸಿಲ್ಲ, ಡೊನೇಷನ್ ಇಲ್ಲ. ಕೊಪ್ಪಳದಲ್ಲಿ ಕಟ್ಟಿದ ಹಣ ಹೋಯಿತೆಂದು ಹೊಟ್ಟೆ ಉರಿಸಿಕೊಳ್ಳಬೇಡ. ಮನೆ ಯಾವ ವಿಳಾಸದಲ್ಲಿದೆಯೋ ಅದರ ಮೇಲೆ ಶಾಲೆ ಗೊತ್ತಾಗುತ್ತದೆ. ಆದ್ದರಿಂದ ಯಜಮಾನರು ಬಾಡಿಗೆ ಕರಾರು ಮಾಡಿಕೊಳ್ಳುವ ಮೊದಲು ಶಾಲೆ ನೋಡಲಿ, ಆಮೇಲೆ ಅಡುಗೆಮನೆ ನೋಡಲಿ. ತರಗತಿಯನ್ನು ವಯಸ್ಸಿನ ಮೇಲೆ ನಿರ್ಧರಿಸುತ್ತಾರೆ. ನೀನು ಬರೆದ ಹುಟ್ಟಿದ ತಾರೀಖಿನ ಪ್ರಕಾರ ಇಬ್ಬರಿಗೂ ಅಲ್ಲಿಯೂ ಅದೇ ತರಗತಿ ಬರುತ್ತದೆ.

ಲಸಿಕೆಯ ವಿಷಯ ಈ ವಾರವೇ ನೋಡು. ತಾಯಿ ಕಾರ್ಡಿನಲ್ಲಿ ಏನೇನಿದೆ ಓದು. ಸರ್ಕಾರಿ ಆಸ್ಪತ್ರೆಯಲ್ಲಿ ಹಾಕಿಸಿದ್ದರೆ ದಡಾರ ಮತ್ತು ರುಬೆಲ್ಲಾ ಇರುತ್ತವೆ, ಮಂಗನಬಾವು ಸೇರಿರುವುದಿಲ್ಲ. ಅಲ್ಲಿ ಮೂರೂ ಕೂಡಿದ್ದು ಕೇಳುತ್ತಾರೆ, ಅದೂ ಎರಡು ಡೋಸ್. ಚಿಕನ್‌ಪಾಕ್ಸ್, ಅಂದರೆ ನಾವು "ಅಮ್ಮ ಬಂದಿದೆ" ಎನ್ನುತ್ತೇವಲ್ಲ, ಅದರ ಲಸಿಕೆಯನ್ನೂ ಕೇಳುತ್ತಾರೆ. ನಮ್ಮ ಸರ್ಕಾರಿ ಪಟ್ಟಿಯಲ್ಲಿ ಅದಿಲ್ಲ. ಇವೆರಡನ್ನೂ ಒಂದೇ ದಿನ ಹಾಕಿಸಬಹುದು, ಇಲ್ಲವಾದರೆ ನಡುವೆ ನಾಲ್ಕು ವಾರ ಬಿಡಬೇಕಾಗುತ್ತದೆ, ನಿನಗೆ ಅಷ್ಟು ಸಮಯವಿಲ್ಲ. ಮಕ್ಕಳ ವೈದ್ಯರಿಂದ ಎಲ್ಲವನ್ನೂ ತಾರೀಖಿನ ಸಮೇತ ಇಂಗ್ಲಿಷಿನಲ್ಲಿ ಬರೆಸಿ ಮೊಹರು ಹಾಕಿಸಿಕೋ.

ಶಾಲೆಗೆ ಸೇರಿಸುವಾಗ ಒಂದು ಹಾಳೆ ಕೊಡುತ್ತಾರೆ. ಮನೆಯಲ್ಲಿ ಯಾವ ಭಾಷೆ, ಮಗು ಹೆಚ್ಚಾಗಿ ಆಡುವುದು ಯಾವ ಭಾಷೆ, ಮೊದಲು ಕಲಿತದ್ದು ಯಾವುದು ಎಂಬ ಮೂರು ಪ್ರಶ್ನೆ. ಮೂರಕ್ಕೂ ಕನ್ನಡ ಎಂದು ಬರೆ. ನನ್ನ ಗಂಡ ಆಗ ಇಂಗ್ಲಿಷ್ ಎಂದು ಬರೆದರು. ಬಳ್ಳಾರಿಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಗ, ಕೀಳು ಎಂದುಕೊಂಡಾರು ಎಂಬ ಭಯ. ಪರಿಣಾಮ ಏನೆಂದರೆ ಎರಡು ತಿಂಗಳು ಅವನನ್ನು ಮಾತು ಬಾರದ ಹುಡುಗ ಎಂದೇ ತಿಳಿದರು, ಅಲ್ಲಿಯವರ ಉಚ್ಚಾರ ಅವನ ಕಿವಿಗೆ ಹತ್ತಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಕನ್ನಡ ಎಂದು ಬರೆದರೆ ಒಂದು ಪರೀಕ್ಷೆ ಮಾಡುತ್ತಾರೆ. ಪಾಸಾದರೆ ಸರಿ, ಇಲ್ಲವಾದರೆ ದಿನಕ್ಕೆ ಇಷ್ಟು ಹೊತ್ತು ಎಂದು ಇಂಗ್ಲಿಷ್ ಹೇಳಿಕೊಡುತ್ತಾರೆ. ಬಿಟ್ಟಿಯಾಗಿ ಸಿಗುವ ಟ್ಯೂಷನ್ನಿಗೆ ಯಾರಾದರೂ ನಾಚುತ್ತಾರೆಯೇ?

ಬಿಸಿಲಿನ ಬಗ್ಗೆ ನೀನು "ನಮಗೇನು ಹೊಸದೇ" ಎಂದು ಬರೆದಿದ್ದೀಯ. ನಾನೂ ಹಾಗೆಯೇ ಅಂದುಕೊಂಡು ಹೋದವಳು. ಬಳ್ಳಾರಿ, ರಾಯಚೂರಿನವರಿಗೆ ಬಿಸಿಲಿನ ಬಗ್ಗೆ ಒಂದು ಗತ್ತು ಇರುತ್ತದೆ. ಇಲ್ಲಿ ಬಿಸಿಲು ಹೆಚ್ಚಾದರೆ ಸರ್ಕಾರಿ ಕಚೇರಿಗಳೂ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಮುಚ್ಚುತ್ತವೆ, ಮಕ್ಕಳು ಮನೆಯಲ್ಲಿರುತ್ತಾರೆ. ಅಲ್ಲಿ ಬಿಸಿಲು ನೆತ್ತಿಗೇರಿದಾಗಲೇ ಶಾಲೆ ತೆರೆಯುತ್ತದೆ. 2023ರಲ್ಲಿ ಪಕ್ಕದ ಫೀನಿಕ್ಸ್‌ನಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ಮುಟ್ಟಿ ದಾಟಿತು, ಮಕ್ಕಳು ಶಾಲೆಗೆ ಹೋದದ್ದು ಅದರ ನಡುವೆಯೇ. ಒಳಗೆ ಎಲ್ಲ ತಂಪು, ಅದಕ್ಕೆ ಕೊರತೆಯಿಲ್ಲ. ನಿಲ್ಲಿಸಿದ ಕಾರಿನ ಸೀಟ್ ಬೆಲ್ಟಿನ ಲೋಹದ ಕೊಂಡಿ ಮಾತ್ರ ಮುಟ್ಟಬೇಡ. ನನ್ನ ಮಗನ ತೊಡೆಯ ಮೇಲೆ ಅದರ ಗುರುತು ಒಂದು ತಿಂಗಳಿತ್ತು. ಅಂದಿನಿಂದ ಕಾರಿನಲ್ಲಿ ಒಂದು ಹಳೆಯ ಟವೆಲ್ ಇಟ್ಟಿರುತ್ತೇನೆ, ಇಳಿಯುವಾಗ ಕೊಂಡಿಯ ಮೇಲೆ ಹೊದಿಸುತ್ತೇನೆ.

ಅಲ್ಲಿಯೂ ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಮಳೆಗಾಲ ಎನ್ನುತ್ತಾರೆ. ಬರುವುದು ಹೆಚ್ಚಾಗಿ ಧೂಳು, ಗೋಡೆಯಂತೆ ಎದ್ದು ಊರನ್ನೇ ನುಂಗುತ್ತದೆ. ಅದರ ಹಿಂದೆ ಒಮ್ಮೊಮ್ಮೆ ನಾಲ್ಕು ಹನಿ. ನಮ್ಮ ಎರೆ ಹೊಲದ ವಾಸನೆ ಬರುವುದಿಲ್ಲ, ಆದರೆ ಅಲ್ಲಿಯ ಕುರುಚಲು ಗಿಡದಿಂದ ಬೇರೆಯೇ ಒಂದು ಘಾಟು ಏಳುತ್ತದೆ, ಈಗೀಗ ಅದೂ ಹಿತವಾಗಿದೆ. ರಸ್ತೆ ಬದಿಯ ಮೆಸ್ಕೀಟ್ ಮರ ಕಂಡರೆ ನಿನಗೆ ಬಳ್ಳಾರಿ ಜಾಲಿ ನೆನಪಾಗುತ್ತದೆ. ಎರಡೂ ಒಂದೇ ಕುಲದವು. ನಮ್ಮ ಜಾಲಿಯೇ ಆ ಖಂಡದಿಂದ 19ನೆಯ ಶತಮಾನದಲ್ಲಿ ಬಂದದ್ದು. ದಸರಾಕ್ಕೆ ನಾವು ಎಲೆ ಕೊಟ್ಟು ಬಂಗಾರದ ಹಾಗೆ ಇರೋಣ ಎನ್ನುತ್ತೇವಲ್ಲ, ಆ ಬನ್ನಿ ಮರವೂ ಇವುಗಳ ಹತ್ತಿರದ ಬಳಗವೇ. ಅಕ್ಟೋಬರ್ ರಜೆ ಕೆಲವು ವರ್ಷ ನವರಾತ್ರಿಗೆ ಸರಿಯಾಗಿ ಕೂಡಿಬರುತ್ತದೆ. ಆಗ ಬೇಕಿದ್ದರೆ ಅತ್ತೆಯವರನ್ನೇ ಕರೆಸಿಕೋ. ಮಕ್ಕಳು ಮನೆಯಲ್ಲಿರುತ್ತಾರೆ, ಬಿಸಿಲೂ ಇಳಿದಿರುತ್ತದೆ, ಅವರಿಗೂ ಕೂಡಿಹಾಕಿದಂತೆ ಆಗುವುದಿಲ್ಲ.

ಅಲ್ಲಿಯವರೆಗೆ ಫೋನ್ ಇದೆ. ಅರಿಜೋನಾದವರು ಬೇಸಿಗೆಗೊಂದು ಚಳಿಗೊಂದು ಎಂದು ಗಡಿಯಾರ ತಿರುಗಿಸುವುದಿಲ್ಲ, ಆದ್ದರಿಂದ ನಮಗೂ ಇಲ್ಲಿಗೂ ವರ್ಷವಿಡೀ ಹನ್ನೆರಡೂವರೆ ತಾಸಿನ ಅಂತರ. ಅಲ್ಲಿ ಬೆಳಿಗ್ಗೆ ಏಳು, ಇಲ್ಲಿ ರಾತ್ರಿ ಏಳೂವರೆ. ನನ್ನ ಮಗಳು ಬಸ್ಸಿಗೆ ಕಾಯುವಾಗ ಅವ್ವ ಊಟಕ್ಕೆ ಕುಳಿತಿರುತ್ತಾಳೆ, ಇವಳು ಬೂಟಿನ ದಾರ ಕಟ್ಟುತ್ತ ಅವಳ ತಟ್ಟೆಯಲ್ಲಿ ಏನಿದೆ ಎಂದು ಕೇಳುತ್ತಾಳೆ. ಆದರೆ ಹಗಲು ರಾತ್ರಿ ಪೂರ್ತಿ ಅದಲುಬದಲಾಗುವುದರಿಂದ ಮಕ್ಕಳ ನಿದ್ದೆ ಹಳಿಗೆ ಬರಲು ಹತ್ತು ಹನ್ನೆರಡು ದಿನ ಬೇಕು. ಮೊದಲ ದಿನವೇ ಮೇಜಿನ ಮೇಲೆ ತಲೆಯಿಟ್ಟು ಮಲಗಬಾರದೆಂದರೆ ಮುಂದಿನ ವಾರದೊಳಗೆ ಹೊರಡು. ಕೊಪ್ಪಳದಲ್ಲೇ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು.

ನಿನಗೆ ನಿಜವಾಗಿ ಕಷ್ಟವಾಗುವುದು ಮೊದಲ ವಾರದ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡೂವರೆವರೆಗೆ. ಗಂಡ ಕೆಲಸಕ್ಕೆ, ಮಕ್ಕಳು ಶಾಲೆಗೆ, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ತರಕಾರಿಯವನು ಕೂಗುವುದಿಲ್ಲ, ಪಕ್ಕದ ಮನೆಯ ಕುಕ್ಕರ್ ಕೂಡ ಕೇಳುವುದಿಲ್ಲ. ನಾನು ಆಗ ಮೂರು ತಿಂಗಳು ಟಿ.ವಿ. ಹಾಕಿಟ್ಟು ಅಡುಗೆಮನೆಯಲ್ಲಿ ಕುಳಿತಿದ್ದೆ. ನೀನು ಅದನ್ನು ಮಾಡದೆ ಮೊದಲು ಕಾರು ಕಲಿ. ಸೋಮವಾರ, ಗುರುವಾರ ನಾನು ಬಿಡುವಾಗಿರುತ್ತೇನೆ, ನಮ್ಮ ಹಳೆಯ ಕಾರಿನಲ್ಲೇ ಕಲಿಸುತ್ತೇನೆ. ಆಗಲೇ ಎರಡು ಕಡೆ ತಗ್ಗಾಗಿದೆ, ನೀನು ಮೂರನೆಯದು ಮಾಡಿದರೂ ನಷ್ಟವಿಲ್ಲ.

ಒಬ್ಬೊಬ್ಬರಿಗೆ 23 ಕಿಲೋದ ಎರಡು ಪೆಟ್ಟಿಗೆ ಒಯ್ಯಲು ಸಿಗಬಹುದು, ಟಿಕೆಟ್ಟಿನ ಮೇಲೆ ನೋಡಿಕೋ. ಖಡಕ್ ರೊಟ್ಟಿ, ಚಟ್ನಿಪುಡಿಗಳನ್ನು ಧೈರ್ಯವಾಗಿ ತಾ. ಹಸಿ ಕರಿಬೇವು, ಮಾವಿನಹಣ್ಣು ಬೇಡ, ವಿಮಾನ ನಿಲ್ದಾಣದಲ್ಲೇ ಕಿತ್ತು ಎಸೆಯುತ್ತಾರೆ. ಮಣ್ಣನ್ನೂ ಬಿಡುವುದಿಲ್ಲ. ಮೊನ್ನೆ ಅಮಾವಾಸ್ಯೆಗೆ ಮಗಳು ತನ್ನ ಕೈಯಾರೆ ಒಂದು ಜೋಡಿ ಎತ್ತು ಮಾಡಿದಳು, ಒಂದರ ಕೋಡು ಚಿಕ್ಕದು, ಕಣ್ಣಿಗೆ ಕುಸುಬೆಯ ಕಾಳು. ಅವುಗಳನ್ನು ಸಾಕ್ಸಿನಲ್ಲಿ ಸುತ್ತಿ ನನ್ನ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದಳು. ಇವತ್ತು ಬೆಳಿಗ್ಗೆ ತೂಕ ಮಾಡುವಾಗ ಸಿಕ್ಕವು. ಅತ್ತಳು, ಆಮೇಲೆ ತಾನೇ ಅವನ್ನು ಜಗುಲಿಯ ಮೇಲೆ ದೇವರ ಪಕ್ಕ ಇಟ್ಟು, ಮೇವಿಗೆಂದು ನಾಲ್ಕು ಜೋಳದ ಕಾಳು ಹಾಕಿ, ದಿನಾ ಹಾಕಬೇಕು ಎಂದು ಅವ್ವನಿಂದ ಮಾತು ತೆಗೆದುಕೊಂಡಳು.

ಗಿರಣಿಯಿಂದ ಹಿಟ್ಟು ಬಂತು, ಇನ್ನೂ ಬಿಸಿಯಾಗಿದೆ, ಆರಲು ಹರವಬೇಕು. ತಾಯಿ ಕಾರ್ಡಿನ ಫೋಟೊ ಇವತ್ತೇ ಕಳಿಸು, ಹೊರಡುವ ಮೊದಲು ನೋಡಿ ಹೇಳುತ್ತೇನೆ.