ಓದುಗರ ಪ್ರಶ್ನೆ: ದುಡಿದದ್ದು ಸಾಕು, ಇನ್ನು ದೇವರ ಕಡೆ

ಪ್ರಶ್ನೆ: ನನಗೆ 53. ಖಾಸಗಿ ಕಂಪನಿಯಲ್ಲಿ 26 ವರ್ಷದ ಸರ್ವಿಸು. ಮನೆ ಸಾಲ ತೀರಿದೆ, ಮಗಳು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಳೆ. ದುಡ್ಡಿನ ಹಿಂದೆ ಓಡಿ ಸಾಕಾಗಿದೆ. ರಾಜೀನಾಮೆ ಕೊಟ್ಟು, ಫ್ಲಾಟನ್ನು ಮಠದ ಟ್ರಸ್ಟಿಗೆ ಬರೆದುಕೊಟ್ಟು, ಉಳಿದ ಆಯುಷ್ಯವನ್ನು ಜಪ, ಭಜನೆಯಲ್ಲಿ ಕಳೆಯುವ ಮನಸ್ಸಿದೆ. ಮನೆಯವಳು ಒಪ್ಪುತ್ತಿಲ್ಲ. ನನ್ನದು ತಪ್ಪೇ?
– ಓದುಗರು, ಡೊಂಬಿವಲಿ

ಉತ್ತರ: ಮನಸ್ಸು ತಪ್ಪಲ್ಲ, ಹಿಡಿದ ಕ್ರಮ ತಪ್ಪು. ದೇಹುವಿನ ಸಂತ ತುಕಾರಾಮರದು ಲೇವಾದೇವಿ ಮಾಡುತ್ತಿದ್ದ ಮನೆತನ. ಅವರು ಸಾಲಪತ್ರಗಳನ್ನು ಇಂದ್ರಾಯಣಿ ನದಿಗೆ ಎಸೆದದ್ದು ಎಲ್ಲರ ಬಾಯಲ್ಲಿದೆ. ಆದರೆ ಎಸೆಯುವ ಮೊದಲು ಪತ್ರಗಳನ್ನು ಪಾಲು ಮಾಡಿ, ಸೋದರ ಕಾನ್ಹೋಬನಿಗೆ ಸೇರಬೇಕಾದದ್ದನ್ನು ಅವನ ಕೈಗೆ ಕೊಟ್ಟರು ಎಂದೂ ಪರಂಪರೆ ಹೇಳುತ್ತದೆ. ನೀರಿಗೆ ಬಿದ್ದದ್ದು ತಮ್ಮ ಪಾಲಿನದು ಮಾತ್ರ. ನೀವೂ ಮೊದಲು ಪಾಲು ಮಾಡಿ.

ಫ್ಲಾಟು ಇಬ್ಬರ ಹೆಸರಿನಲ್ಲಿದ್ದರೆ ಮನೆಯವರ ಪಾಲನ್ನು ನೀವು ದಾನ ಮಾಡಲಾಗದು. ಒಬ್ಬರ ಹೆಸರಿನಲ್ಲಿದ್ದರೂ ದಾನಪತ್ರ ಬೇಡ. ಅದು ಒಮ್ಮೆ ನೋಂದಣಿಯಾದರೆ, ಮನಸ್ಸು ಬದಲಾಯಿತೆಂದು ವಾಪಸ್ ಪಡೆಯುವಂತಿಲ್ಲ. ಬದಲಿಗೆ ಉಯಿಲು ಬರೆಯಿರಿ: ಹೆಂಡತಿ ಇರುವಷ್ಟು ಕಾಲ ವಾಸದ ಹಕ್ಕು ಅವರಿಗೆ, ಆಮೇಲೆ ನಿಮ್ಮ ಪಾಲು ಟ್ರಸ್ಟಿಗೆ. ಇಬ್ಬರು ಸಾಕ್ಷಿಗಳು ಬೇಕು. ಸಾಯುವವರೆಗೆ ಅದನ್ನು ತಿದ್ದುವ ಸ್ವಾತಂತ್ರ್ಯವೂ ಉಳಿಯುತ್ತದೆ.

ಇನ್ನು ರಾಜೀನಾಮೆ. ಪಿಎಫ್ ಜೊತೆಗಿನ ನೌಕರರ ಪಿಂಚಣಿ ಯೋಜನೆಯಲ್ಲಿ (ಇಪಿಎಸ್) ಪಿಂಚಣಿಯ ವಯಸ್ಸು 58. ಮೊದಲೇ ಕೇಳಿದರೆ, ಉಳಿದ ಒಂದೊಂದು ವರ್ಷಕ್ಕೂ ಶೇ. 4 ಕಡಿತ, ಅದೂ ಬದುಕಿರುವವರೆಗೆ. ಬಹುತೇಕರಿಗೆ ಲೆಕ್ಕ ನಡೆಯುವುದು 15,000 ರೂಪಾಯಿ ವೇತನ ಮಿತಿಯ ಮೇಲೆ, ಹಾಗಾಗಿ ಕೈಗೆ ಬರುವುದು ಕೆಲವೇ ಸಾವಿರ. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಾಗಿಲು ನಿವೃತ್ತರಿಗೆ 55ಕ್ಕೆ ತೆರೆಯುತ್ತದೆ: ನಿವೃತ್ತಿಯ ಹಣ ಕೈಸೇರಿದ ಮೂರು ತಿಂಗಳೊಳಗೆ 30 ಲಕ್ಷದವರೆಗೆ ಇಡಬಹುದು. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಆರೋಗ್ಯ ವಿಮೆಯಲ್ಲಿ. ಕಂಪನಿಯ ಗುಂಪು ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಹೊಸದಾಗಿ ಮಾಡಿಸಿದರೆ ಈಗಾಗಲೇ ಇರುವ ಶುಗರ್, ಬಿಪಿಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು. ಕೆಲಸದಲ್ಲಿರುವಾಗಲೇ ಸ್ವಂತ ಪಾಲಿಸಿ ಮಾಡಿಸಿ.

ಆದ್ದರಿಂದ ಮಗಳ ಓದು ಮುಗಿಯುವವರೆಗೆ ಸಂಬಳ ಇರಲಿ, ಅದರ ಹಿಂದಿನ ಓಟ ನಿಲ್ಲಲಿ. ಬಡ್ತಿಯ ಪೈಪೋಟಿ, ಷೇರಿನ ಆ್ಯಪ್, ಎರಡನೇ ಫ್ಲಾಟಿನ ಯೋಚನೆ ಇವತ್ತೇ ಬಿಡಬಹುದು. ನಿವೃತ್ತಿಯ ನಂತರ ತಿಂಗಳಿಗೆ ಎಷ್ಟು ಬರುತ್ತದೋ ಅಷ್ಟರಲ್ಲೇ ಒಂದು ವರ್ಷ ಮನೆ ನಡೆಸಿ, ಮಿಕ್ಕಿದ್ದನ್ನು ಬೇರೆ ಖಾತೆಗೆ ಹಾಕಿ. ಮನೆಯವರ ಆತಂಕ ಎಷ್ಟು ನಿಜ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಜಪಕ್ಕೆ ರಜೆ ಬೇಕಿಲ್ಲ. ಬೆಳಿಗ್ಗೆ ಸ್ನಾನವಾದ ಮೇಲೆ ಅದೇ ಜಾಗ, ಅದೇ ಹೊತ್ತು, 108 ಮಣಿಯ ಒಂದು ಸುತ್ತು. ಮಾಲೆಯ ತುದಿಯ ದೊಡ್ಡ ಮಣಿ, ಅಂದರೆ ಮೇರುಮಣಿ ಬಂದಾಗ ದಾಟದೆ ಮಾಲೆಯನ್ನು ತಿರುಗಿಸಿಕೊಳ್ಳಿ. ಮೊದಲ ವಾರವೇ ಹನ್ನೊಂದು ಸುತ್ತಿಗೆ ಹೋದವರು ಲೆಕ್ಕ ಮುಗಿಸುವ ಅವಸರಕ್ಕೆ ಬಿದ್ದು ನಾಮವನ್ನೇ ನುಂಗುತ್ತಾರೆ. ಭಜನೆಯಂತೂ ನಿಮ್ಮ ಲೋಕಲ್ ರೈಲಿನಲ್ಲೇ ಇದೆ: ತಾಳ ಹಿಡಿದು ಹಾಡುವ ಮಂಡಳಿಗಳ ಡಬ್ಬಿ ಹುಡುಕಿ ಹತ್ತಿ.

ಪ್ರಶ್ನೆ: ಆಷಾಢದ ವಾರಿಯಲ್ಲಿ, ಅಂದರೆ ಪಂಢರಪುರದ ಪಾದಯಾತ್ರೆಯಲ್ಲಿ, ನಡೆಯುವ ಆಸೆ. ನೌಕರಿ, ಮಕ್ಕಳು ಎಲ್ಲ ಇದ್ದವರು ಹೋಗಬಹುದೇ? ರಜೆ ಸಿಗುವುದು ಮೂರೇ ದಿನ.
– ಓದುಗರು, ಪಿಂಪ್ರಿ

ಉತ್ತರ: ಖಂಡಿತ ಹೋಗಿ ತಾಯಿ. ವಾರಿಗೆ ನಡೆಯುವ ವಿಠ್ಠಲ ಭಕ್ತರು, ಅಂದರೆ ವಾರಕರಿಗಳದು ಸಂಸಾರಿಗಳ ಪಂಥವೇ. ಆಳಂದಿಯಿಂದ ಪಂಢರಪುರಕ್ಕೆ ಸುಮಾರು 250 ಕಿ.ಮೀ. ಪೂರ್ತಿ ಆಗದಿದ್ದರೆ ಆಳಂದಿಯಿಂದ ಪುಣೆ, ಅಲ್ಲಿಂದ ದಿವೇ ಘಾಟ್ ಹತ್ತಿ ಸಾಸವಡದವರೆಗೆ ನಡೆಯಿರಿ. ಘಾಟಿನ ದಿನ ಸುಮಾರು 30 ಕಿ.ಮೀ. ಆಗುತ್ತದೆ, ಒಂದು ತಿಂಗಳ ಮೊದಲೇ ನಡೆಯುವ ಅಭ್ಯಾಸ ಮಾಡಿ. ಹೊಸ ಬೂಟು ಬೇಡವೇ ಬೇಡ. ನಡೆದು ನಡೆದು ಕಾಲು ಊದುವುದರಿಂದ ಸ್ವಲ್ಪ ಸಡಿಲವಾದ ಹಳೆಯ ಜೋಡೇ ಸರಿ. ಮಳೆಯಲ್ಲಿ ನೆನೆದ ಕಾಲುಚೀಲ ಬದಲಿಸದಿದ್ದರೆ ಬೊಬ್ಬೆ ಏಳುತ್ತದೆ, ಮೂರು ಜೊತೆ ಇಟ್ಟುಕೊಳ್ಳಿ. ಒಂದು ದಿಂಡಿಗೆ (ಒಟ್ಟಾಗಿ ನಡೆಯುವ ವಾರಕರಿಗಳ ತಂಡಕ್ಕೆ) ಮೊದಲೇ ಹೆಸರು ಕೊಟ್ಟು ಊಟ, ಬಿಡಾರದ ಹಣ ಕಟ್ಟಿ. ದಿಂಡಿಯ ನಂಬರು, ಅದು ಪಾಲಖಿಯ ರಥದ ಮುಂದಿನದೋ ಹಿಂದಿನದೋ ಎರಡನ್ನೂ ಚೀಟಿಯಲ್ಲಿ ಬರೆದಿಡಿ. ಮುಂದೆ, ಹಿಂದೆ ಎರಡೂ ಕಡೆ ಅದೇ ನಂಬರಿನ ದಿಂಡಿ ಇರುತ್ತದೆ. ತಪ್ಪಿಸಿಕೊಂಡರೆ ನಂಬರೊಂದೇ ಹೇಳಿ ಪ್ರಯೋಜನವಿಲ್ಲ.