ಎರಡೂ ನಿಜ ಆಗೋದು ಹೇಗೆ?

ಪ್ರಶ್ನೆ: ಸರ್, ಕಾನೂನು ಪದವಿ ಪ್ರವೇಶ ಪರೀಕ್ಷೆ ಕ್ಲಾಟ್‌ಗೆ ಓದುತ್ತಿದ್ದೇನೆ. ‘ಈ ವಿರೋಧಾಭಾಸಕ್ಕೆ ಕಾರಣ ಯಾವುದು?’ ಎಂಬ ಲಾಜಿಕಲ್ ರೀಸನಿಂಗ್ ಪ್ರಶ್ನೆಗಳಲ್ಲಿ ಯಾವಾಗಲೂ ಎರಡು ಆಯ್ಕೆಗಳ ಮಧ್ಯೆ ಸಿಕ್ಕಿಬೀಳುತ್ತೇನೆ. ಏನು ಮಾಡಲಿ?
– ವಿದ್ಯಾರ್ಥಿನಿ, ಹಾವೇರಿ

ಉತ್ತರ: ತಂಗಿ, ನನ್ನ ಕ್ಲಾಸಿನಲ್ಲಿ ಮೊದಲ ದಿನವೇ ಬೋರ್ಡಿನ ಮೇಲೆ ಬರೆಯುವ ಲೆಕ್ಕ ಹೇಳುತ್ತೇನೆ. 1973ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಸೀಟಿಗೆ ಅರ್ಜಿ ಹಾಕಿದ ಗಂಡಸರಲ್ಲಿ ಸುಮಾರು ಶೇ 44, ಹೆಂಗಸರಲ್ಲಿ ಶೇ 35 ಮಂದಿ ಆಯ್ಕೆಯಾದರು. ಆದರೆ ಒಂದು ದೊಡ್ಡ ವಿಭಾಗದಲ್ಲಿ ಹೆಂಗಸರು ಶೇ 82, ಗಂಡಸರು ಶೇ 62! ಉಳಿದ ದೊಡ್ಡ ವಿಭಾಗಗಳಲ್ಲೂ ಹೆಂಗಸರು ಅಷ್ಟೇನೂ ಹಿಂದೆ ಬಿದ್ದಿರಲಿಲ್ಲ.

‘ಹೆಂಗಸರ ಅಂಕ ಕಡಿಮೆ ಇತ್ತು’ ಎಂಬ ಆಯ್ಕೆ ಕಣ್ಣಿಗೆ ಬೀಳುತ್ತದೆ, ಅಲ್ವಾ? ಅದು ಮೊದಲ ಮಾತಿಗೆ ಮಾತ್ರ ಹೊಂದುತ್ತದೆ. ಶೇ 82ಕ್ಕೆ ಏನು ಹೇಳುತ್ತೀಯ? ನಿಜವಾದ ಕಾರಣ ಬೇರೆ. ಸುಲಭವಾಗಿ ಸೀಟು ಸಿಗುತ್ತಿದ್ದ ಆ ವಿಭಾಗಕ್ಕೆ 825 ಗಂಡಸರು ಅರ್ಜಿ ಹಾಕಿದ್ದರು, ಹೆಂಗಸರು ಬರೀ 108. ಸೀಟು ಸಿಗುವುದೇ ಕಷ್ಟವಿದ್ದ ವಿಭಾಗಗಳಿಗೆ ಹೆಂಗಸರು ಜಾಸ್ತಿ ಹೋಗಿದ್ದರು. ಈಗ ಎರಡೂ ಮಾತು ಒಟ್ಟಿಗೆ ನಿಲ್ಲುತ್ತವೆ.

ಕೊಟ್ಟ ಮಾತನ್ನೇ ಸುಳ್ಳು ಎನ್ನುವ ಆಯ್ಕೆಯನ್ನು ಕೂಡಲೇ ಬಿಟ್ಟುಬಿಡು. ಒಂದು ತಪ್ಪಿಗೆ 0.25 ಅಂಕ ಹೋಗುತ್ತದೆ. ಆಯ್ಕೆಗಳನ್ನು ಓದುವ ಮೊದಲು ಪ್ರಶ್ನೆಯಲ್ಲಿ ‘ಆದರೆ’ ಎಲ್ಲಿದೆ ಹುಡುಕಿ, ಪೆನ್ನಿನಿಂದ ಸುತ್ತು ಹಾಕು. ಅದರ ಎಡಕ್ಕೂ ಬಲಕ್ಕೂ ಆಯ್ಕೆಯನ್ನು ಹೊಂದಿಸಿ ನೋಡು. ನಾಳೆ ಇಂಥ ಐದು ಪ್ರಶ್ನೆ ಮಾಡು, ಟೈಮ್ ನೋಡಬೇಡ.